ಲೇಬರ್ ಲಾ ಪೇಪರ್: ಹಳೆ ಕಾಯ್ದೆ ಓದಬೇಕಾ, ಹೊಸ ಕೋಡ್ ಓದಬೇಕಾ?

ಮಾಲೂರು_ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಮಾಲೂರಿನವಳು. ದೂರಶಿಕ್ಷಣದಲ್ಲಿ ಪ್ಯಾರಾಲೀಗಲ್ ಡಿಪ್ಲೊಮಾ ಮಾಡುತ್ತಿದ್ದೇನೆ, ಜೊತೆಗೆ ಕೋಲಾರದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಫೈಲ್ ಕೆಲಸ. ಕಾರ್ಮಿಕ ಕಾನೂನಿನ ಪೇಪರ್‌ಗೆ ಬಂದು ನಿಂತುಬಿಟ್ಟಿದ್ದೇನೆ. ನನ್ನ ಪುಸ್ತಕದಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, 1972ರ ಗ್ರಾಚ್ಯುಟಿ ಕಾಯ್ದೆ ಅಂತ ಅಧ್ಯಾಯಗಳಿವೆ. ಆದರೆ 29 ಕಾಯ್ದೆಗಳನ್ನು ಸೇರಿಸಿ ನಾಲ್ಕು ಕೋಡ್ ಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದಾಯ್ತಲ್ವಾ? ಹಾಗಾದರೆ ಈ ಪುಸ್ತಕ ಓದಿ ಏನು ಪ್ರಯೋಜನ?

ಇನ್ನೊಂದು ವಿಷಯ. ನಮ್ಮ ಬೀದಿಯ ಹುಡುಗನೊಬ್ಬ ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಒಂಬತ್ತು ತಿಂಗಳು ದುಡಿದ. ಹೋದ ತಿಂಗಳು ಗೇಟಿನಲ್ಲೇ ನಿಲ್ಲಿಸಿ ಇನ್ನು ಬರಬೇಡ ಅಂದರು. ಕೊನೆಯ ಸಂಬಳವೂ ಬಂದಿಲ್ಲ. 240 ದಿನ ಆಗಿಲ್ಲ, ನಿನಗೆ ಏನೂ ಸಿಗಲ್ಲ ಅಂತ ಕಾಂಟ್ರ್ಯಾಕ್ಟರ್ ಹೇಳಿದನಂತೆ. ಇದನ್ನು ಯಾವ ಅಧ್ಯಾಯದಲ್ಲಿ ಹುಡುಕಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. ದಾರಿ ತೋರಿಸಿ.

ಕೋಲಾರ_ವಕೀಲ:

ಎರಡೂ ಓದಿ. ನವೆಂಬರ್ 21ಕ್ಕಿಂತ ಮುಂಚೆ ಕೆಲಸ ಕಳೆದುಕೊಂಡವರ ಕೇಸುಗಳು ಇನ್ನೂ ವರ್ಷಗಟ್ಟಲೆ ಹಳೆ ಕಾಯ್ದೆಯ ಮೇಲೇ ನಡೆಯುತ್ತವೆ. ಹೊಸ ಕೋಡ್‌ನ ಎಷ್ಟೋ ಮಾತು ಹಳೆಯದರಿಂದಲೇ ಬಂದಿದೆ, ಹಾಗಾಗಿ ಹಳೆ ತೀರ್ಪುಗಳನ್ನು ಬಿಡುವ ಹಾಗಿಲ್ಲ. ಫೈಲ್ ಕೈಗೆ ಬಂದ ಕೂಡಲೇ ನೀವು ನೋಡಬೇಕಾದದ್ದು ಕೆಲಸದಿಂದ ತೆಗೆದ ತಾರೀಖು. ಕಾರ್ಮಿಕ ಅಧಿಕಾರಿಗೆ ಸಂಧಾನದ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ಕಾರ್ಮಿಕ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಅದಕ್ಕೆ 1947ರ ಹಳೆ ಕಾಯ್ದೆಯಲ್ಲಿ, ತೆಗೆದ ದಿನದಿಂದ 3 ವರ್ಷ ಗಡುವು ಇತ್ತು. ಹೊಸದರಲ್ಲಿ 2 ವರ್ಷ. ಒಂದು ತಾರೀಖು ತಪ್ಪಾದರೆ ಒಂದು ಮನೆಯ ಅನ್ನ ಹೋಗುತ್ತದೆ.

ಈಗ 240ರ ವಿಷಯ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದರೆ ಒಂದು ವರ್ಷದ ಸೇವೆ ಅಂತ ಲೆಕ್ಕ. ಕಾಂಟ್ರ್ಯಾಕ್ಟರ್ ತಿಂಗಳಿಗೆ 26 ದಿನ ಹಿಡಿದಿರುತ್ತಾನೆ. 26ನ್ನು 9ರಿಂದ ಗುಣಿಸಿದರೆ 234, ಅದಕ್ಕೇ 'ಆಗಿಲ್ಲ' ಅಂದಿದ್ದಾನೆ. ಆದರೆ ಸಂಬಳ ಕೊಟ್ಟ ಭಾನುವಾರ, ಹಬ್ಬದ ರಜೆ ಕೂಡ ಲೆಕ್ಕಕ್ಕೆ ಸೇರಬೇಕು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಕೇಸಿನಲ್ಲಿ ಹೇಳಿದೆ. ಹುಡುಗ ತಿಂಗಳ ಸಂಬಳದವನಾಗಿ, ಗೈರುಹಾಜರಿ ಜಾಸ್ತಿ ಇಲ್ಲದಿದ್ದರೆ ಒಂಬತ್ತು ತಿಂಗಳಿಗೆ ಸುಮಾರು 270 ದಿನ ಬರುತ್ತದೆ. 240 ದಾಟಿದ ಅಂದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ. ಇದು ಹಳೆ ಕಾಯ್ದೆಯ ಸೆಕ್ಷನ್ 25ಎಫ್. ಹೊಸ ಕೋಡ್‌ನಲ್ಲೂ ಇದೆ.

ದಿನ ಸಾಬೀತು ಮಾಡುವ ಹೊಣೆ ಮಾತ್ರ ಕಾರ್ಮಿಕನದ್ದು. 2002ರ ಹಡಿಮನಿ ಕೇಸು ಓದಿ, ಆಮೇಲೆ 2005ರ ಯಲ್ಲಟ್ಟಿ ಕೇಸು ಓದಿ. ಎರಡೂ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದವು. ಬರೀ ಅಫಿಡವಿಟ್ ಹಾಕಿದರೆ ಸಾಲದು. ಹಾಜರಿ ಪುಸ್ತಕ ಹಾಜರುಪಡಿಸಿ ಅಂತ ಮಾಲೀಕನಿಗೆ ಸಮನ್ಸ್ ಕೇಳಬೇಕು. ಆ ಅರ್ಜಿ ತಯಾರು ಮಾಡುವವರು ನಿಮ್ಮಂಥವರೇ.

ತುಮಕೂರು_ಯೂನಿಯನ್:

ನೋಡಮ್ಮ, ನಾನು ವಸಂತನರಸಾಪುರದ ಕಡೆ ಯೂನಿಯನ್ ಕೆಲಸ ಮಾಡುವವನು. ವಕೀಲರು ಹೇಳಿದ್ದೆಲ್ಲ ಸರಿ, ಆದರೆ ಮೊದಲು ಆ ಹುಡುಗನ ಹತ್ತಿರ ಇರುವ ಕಾಗದ ನೋಡು. ಪಿಎಫ್ ಪಾಸ್‌ಬುಕ್ ತೆಗೆಸು, ಅದರಲ್ಲಿ ಯಾರ ಹೆಸರಲ್ಲಿ ಹಣ ಕಟ್ಟಿದ್ದಾರೆ, ಯಾವ ತಿಂಗಳು ಬಿಟ್ಟಿದ್ದಾರೆ ಅಂತ ಸಿಗುತ್ತದೆ. ಇಎಸ್‌ಐ ನಂಬರ್, ಬ್ಯಾಂಕ್ ಸ್ಟೇಟ್‌ಮೆಂಟ್, ಗೇಟ್ ಪಾಸ್, ಕಂಪನಿ ಬಸ್ಸಿನ ಕಾರ್ಡ್, ಸೂಪರ್‌ವೈಸರ್ ಶಿಫ್ಟ್ ಹಾಕಿದ ವಾಟ್ಸಾಪ್ ಮೆಸೇಜ್, ಏನೂ ಬಿಡಬೇಡ. ಗೇಟಿನಿಂದ ಹೊರಗೆ ಹಾಕಿದ ಮೇಲೆ ಹುಡುಗರು ಬೇಜಾರಿನಲ್ಲಿ ಆ ಗ್ರೂಪ್ ಬಿಟ್ಟುಬಿಡುತ್ತಾರೆ, ಫೋನ್ ಮಾರುತ್ತಾರೆ, ಸಾಕ್ಷಿ ಅಲ್ಲೇ ಹೋಗುತ್ತದೆ.

ಕೊನೆ ಸಂಬಳಕ್ಕೆ ಕಾಂಟ್ರ್ಯಾಕ್ಟರ್ ಕೈ ಎತ್ತಿದರೆ ಮುಖ್ಯ ಮಾಲೀಕನೇ, ಅಂದರೆ ಫ್ಯಾಕ್ಟರಿಯವರೇ, ಕೊಟ್ಟು ಆಮೇಲೆ ಕಾಂಟ್ರ್ಯಾಕ್ಟರ್‌ನಿಂದ ವಸೂಲು ಮಾಡಿಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇದ್ದದ್ದು ಹೊಸ ಕೋಡ್‌ನಲ್ಲೂ ಉಳಿದಿದೆ. ಹಾಗಾಗಿ ಅರ್ಜಿಯಲ್ಲಿ ಇಬ್ಬರ ಹೆಸರೂ ಇರಲಿ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಸಂಬಳದ ವಿಷಯಕ್ಕೆ ಅಷ್ಟು ದೊಡ್ಡ ಗಲಾಟೆ ಆಯ್ತಲ್ಲ, ಅಲ್ಲೂ ಜಾಸ್ತಿ ಇದ್ದವರು ಕಾಂಟ್ರ್ಯಾಕ್ಟ್ ಹುಡುಗರೇ. ಹಾಜರಿ, ಓಟಿ ಲೆಕ್ಕ ಸರಿ ಇರಲಿಲ್ಲ ಅಂತ ಕಾರ್ಖಾನೆಗಳ ಇಲಾಖೆಯ ತಪಾಸಣೆಯಲ್ಲೂ ಬಂತು. ಆ ಹುಡುಗರಿಗೆ ಲೆಕ್ಕ ಬರೆದು ಅರ್ಜಿ ಹಾಕಿಕೊಡುವವರು ಮೊದಲೇ ಸಿಕ್ಕಿದ್ದರೆ ಎಷ್ಟೋ ಮಂದಿ ಜೈಲು ನೋಡುತ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಇನ್ನೊಂದು ತಿಳಿದುಕೋ. ಹಳೆ ಕಾಯ್ದೆಯ ಸೆಕ್ಷನ್ 36ರ ಪ್ರಕಾರ ಸಂಧಾನದಲ್ಲಿ ಕಾರ್ಮಿಕನ ಪರ ವಕೀಲರು ಕೂರುವ ಹಾಗಿಲ್ಲ, ಯೂನಿಯನ್ ಪದಾಧಿಕಾರಿ ಕೂರಬಹುದು. ಕಾರ್ಮಿಕ ಅಧಿಕಾರಿ ಮುಂದೆ ಇಡುವ ಕಾಗದ, ದಿನದ ಪಟ್ಟಿ, ಬಾಕಿ ಲೆಕ್ಕ ಯಾರಾದರೂ ನೀಟಾಗಿ ಬರೆದುಕೊಡಲೇಬೇಕು. ಅಲ್ಲಿ ನಿನ್ನ ಓದಿಗೆ ನಿಜವಾದ ಬೆಲೆ ಇದೆ.

ಗೌರಿಬಿದನೂರು_ಪಿಎಲ್‌ವಿ:

ಅಕ್ಕ, ನಾನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ಯಾರಾಲೀಗಲ್ ಸ್ವಯಂಸೇವಕ. ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರಲ್ಲೇ ಬರೆದಿದೆ. ಇದು ಫ್ಯಾಕ್ಟರಿಗೆ ಹೋಗುವ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕೋರ್ಟ್ ಆವರಣದಲ್ಲೇ ಪ್ರಾಧಿಕಾರದ ಆಫೀಸ್ ಇರುತ್ತದೆ, ಹುಡುಗನನ್ನು ಕರೆದುಕೊಂಡು ಹೋಗಿ.

ಪರೀಕ್ಷೆಗೆ ಲೆಕ್ಕ ಮಾಡಿ ಕಲಿಯಿರಿ. ಗ್ರಾಚ್ಯುಟಿಗೆ ನಾನು ಹೀಗೆ ಕಲಿತೆ: ಬೇಸಿಕ್ ಮತ್ತು ಡಿಎ ಸೇರಿ ಕೊನೆಯ ಸಂಬಳ 13,000, ಸೇವೆ 6 ವರ್ಷ. 13,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ಒಂದು ವರ್ಷದ ಸೇವೆಗೆ 15 ದಿನದ ಸಂಬಳ, ಅಂದರೆ 7,500. 6 ವರ್ಷಕ್ಕೆ 45,000. ಒಂದು ಸಲ ಕೈಯಾರೆ ಮಾಡಿದರೆ ಸೆಕ್ಷನ್ ತಾನಾಗೇ ನೆನಪಿರುತ್ತದೆ.

ಮಾಲೂರು_ವಿದ್ಯಾರ್ಥಿನಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾಸ್‌ಬುಕ್ ಇವತ್ತೇ ತೆಗೆಸುತ್ತೇನೆ. ವಕೀಲರೇ, ಒಂದು ಅನುಮಾನ. ಅವನ ಆರ್ಡರ್‌ನಲ್ಲಿ 'ಹನ್ನೊಂದು ತಿಂಗಳ ಅವಧಿಗೆ' ಅಂತ ಇದೆ. ಇದರಿಂದ ತೊಂದರೆ ಆಗುತ್ತದಾ?

ಕೋಲಾರ_ವಕೀಲ:

ಒಳ್ಳೆ ಪ್ರಶ್ನೆ. ಅವಧಿ ಮುಗಿದು ಕೆಲಸ ನಿಂತರೆ ಅದು ರಿಟ್ರೆಂಚ್‌ಮೆಂಟ್ (ನೋಟಿಸ್, ಪರಿಹಾರ ಕೊಡಬೇಕಾದ ಕೆಲಸದಿಂದ ತೆಗೆಯುವಿಕೆ) ಆಗಲ್ಲ, ಹಳೆಯದರಲ್ಲೂ ಹೊಸದರಲ್ಲೂ ಅಷ್ಟೇ. ಆದರೆ ಇವನನ್ನು ಅವಧಿಗೆ ಎರಡು ತಿಂಗಳು ಮುಂಚೆಯೇ ತೆಗೆದಿದ್ದಾರೆ. ಆ ಆರ್ಡರ್‌ನಲ್ಲಿ ಮಧ್ಯದಲ್ಲಿ ತೆಗೆಯುವ ಷರತ್ತು ಏನಿದೆ ನೋಡಿ, ಆ ಸಾಲು ಹಾಗೇ ಬರೆದುಕೊಳ್ಳಿ. ಬಾಕಿ ಸಂಬಳಕ್ಕೂ ಇದಕ್ಕೂ ಸಂಬಂಧ ಇಲ್ಲ. ತೆಗೆದ ಮೇಲೆ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಮಾಡಬೇಕು ಅಂತ ವೇತನ ಕೋಡ್‌ನ ಸೆಕ್ಷನ್ 17 ಹೇಳುತ್ತದೆ. ಆ ಅರ್ಜಿಯನ್ನು ಬೇರೆಯಾಗಿ ಈಗಲೇ ಹಾಕಿಸಿ, 240ರ ಲೆಕ್ಕಕ್ಕೆ ಕಾಯುತ್ತಾ ಕೂರಬೇಡಿ.