ಅಣ್ಣನ ವಾಲ್ವ್ ವಿಷಯ

ಅತ್ತಿಗೆ, ಈಗಷ್ಟೇ ಡ್ಯೂಟಿ ಮುಗಿಯಿತು. ಅಣ್ಣನ ಹೃದಯದಿಂದಲೇ ತುಂಡು ತೆಗೆದು ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲು) ಮಾಡುತ್ತಾರಂತೆ, ಮೊದಲೇ ಸೋತಿರುವ ಹೃದಯ ಇದನ್ನು ತಡೆಯುತ್ತಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ.

ಆ ತುಂಡಿಗಾಗಿ ಹೃದಯವನ್ನು ಕತ್ತರಿಸುವುದಿಲ್ಲ. ಹೃದಯದ ಸುತ್ತ ತೆಳ್ಳಗಿನ ಚೀಲ ಇರುತ್ತದೆ, ಪೆರಿಕಾರ್ಡಿಯಂ ಅಂತಾರೆ. ಅದರ ಮುಂಭಾಗದಿಂದ ಅಂಗೈಯಷ್ಟು ಪೊರೆ ತೆಗೆಯುತ್ತಾರೆ, ಅಷ್ಟೇ.

ಆಪರೇಷನ್ ಥಿಯೇಟರಿನಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಪೊರೆಗೆ ಅಂಟಿದ ಕೊಬ್ಬನ್ನೆಲ್ಲ ಬಿಡಿಸಿ, ಬಿಗಿಯಾಗಿ ಹರಡಿ, ಗ್ಲುಟರಾಲ್ಡಿಹೈಡ್ ಅನ್ನುವ ರಾಸಾಯನಿಕದ ದ್ರಾವಣದಲ್ಲಿ 10 ನಿಮಿಷ ಇಡುತ್ತಾರೆ. ಒದ್ದೆ ಬಟ್ಟೆ ಹಾಗೆ ಜೋಲುತ್ತಿದ್ದದ್ದು ಗಟ್ಟಿಯಾಗುತ್ತದೆ. ಸಲೈನಿನಲ್ಲಿ ಮೂರು ಸಲ ತೊಳೆದು, ಅಚ್ಚು ಇಟ್ಟು ಗೆರೆ ಎಳೆದು, ವಾಲ್ವ್‌ನಲ್ಲಿ ತೆರೆದು ಮುಚ್ಚುವ ಮೂರು ದಳ ಕತ್ತರಿಸುತ್ತಾರೆ. ಮೂರೂ ಒಂದೇ ಅಳತೆ ಇರಬೇಕಂತಿಲ್ಲ. ಒಳಗೆ ಪ್ರತಿ ದಳದ ಜಾಗವನ್ನೂ ಅಳೆದಿರುತ್ತಾರೆ, ಅದಕ್ಕೆ ತಕ್ಕ ಹಾಗೆ. ಹಾಳಾದ ದಳ ತೆಗೆದು ಅದೇ ಜಾಗಕ್ಕೆ ಹೊಲಿಯುತ್ತಾರೆ. ಜಪಾನಿನ ಡಾಕ್ಟರ್ ಶಿಗೆಯುಕಿ ಒಝಾಕಿ 2007ರಲ್ಲಿ ಶುರು ಮಾಡಿದ ವಿಧಾನ ಇದು.

ಲೋಹದ ವಾಲ್ವ್ ಆದರೆ ಬದುಕಿರುವವರೆಗೂ ರಕ್ತ ತೆಳುವಾಗಿಸುವ ಮಾತ್ರೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ಟೆಸ್ಟ್ ಪದೇ ಪದೇ. ಇದರಲ್ಲಿ ವಾಲ್ವ್‌ಗೋಸ್ಕರ ಆ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ.

ಆದರೆ ಒಂದು ಮಾತು. ಸ್ವಂತದ್ದು ಅಂದ ಮಾತ್ರಕ್ಕೆ ಜೀವನಪೂರ್ತಿ ಬರುತ್ತದೆ ಅಂದುಕೊಳ್ಳಬೇಡಿ. ದ್ರಾವಣದಲ್ಲಿ ಅದ್ದಿದ ಮೇಲೆ ಆ ಪೊರೆಗೆ ಜೀವ ಇರುವುದಿಲ್ಲ. ತಾನಾಗಿ ರಿಪೇರಿ ಆಗುವುದಿಲ್ಲ, ವರ್ಷ ಕಳೆದಂತೆ ಸುಣ್ಣ ಕಟ್ಟಬಹುದು, ಸೋರಬಹುದು. ಮುಂದೆ ಇನ್ನೊಂದು ಆಪರೇಷನ್ ಬೇಕಾಗಲೂಬಹುದು. ಮಾವ ಹಾಕಿರುವ ಮೆಸೇಜ್ ರಾಸ್ ಆಪರೇಷನ್ ಬಗ್ಗೆ, ಅದು ಬೇರೆ. ಅದರಲ್ಲಿ ರೋಗಿಯದೇ ಪಲ್ಮನರಿ ವಾಲ್ವ್ (ಶ್ವಾಸಕೋಶಕ್ಕೆ ರಕ್ತ ಬಿಡುವ ವಾಲ್ವ್) ಅನ್ನು ಜೀವಂತವಾಗಿಯೇ ಕಿತ್ತು ಈ ಜಾಗಕ್ಕೆ ಕೂರಿಸುತ್ತಾರೆ. 1967ರಿಂದ ಇದೆ. ಅಣ್ಣನಿಗೆ ಅದು ಹೇಳಿಲ್ಲ, ಸುಮ್ನೆ ಎರಡನ್ನೂ ಬೆರೆಸಿ ಗಾಬರಿ ಆಗಬೇಡಿ.

ನಾಳೆ ಸರ್ಜನ್ ಹತ್ರ ಸಂಕೋಚ ಬಿಟ್ಟು ಕೇಳಿ. ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ಅವರೆಲ್ಲ ಈಗ ಹೇಗಿದ್ದಾರೆ ಅಂತ. ಹೊಲಿದ ಮೇಲೂ ಸೋರಿದರೆ ಅಲ್ಲೇ ಯಾವ ವಾಲ್ವ್ ಹಾಕುತ್ತೀರಿ ಅಂತಲೂ ಕೇಳಿ. ಇದು ಕೈಚಳಕದ ಕೆಲಸ ಅತ್ತಿಗೆ, ಮಾಡಿ ಪಳಗಿದವರೇ ಬೇಕು.

ಅಣ್ಣನ ಹಲ್ಲುನೋವು ಇನ್ನೂ ಇದೆ ಅಲ್ವಾ? ಅದನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಹಲ್ಲಿನ ಸೋಂಕು ರಕ್ತಕ್ಕೆ ಸೇರಿ ಹೊಸ ವಾಲ್ವ್ ಮೇಲೆ ಕೂತರೆ ಕಷ್ಟ. ನಾಳೆ ನಾನೂ ಬರುತ್ತೇನೆ, ಹೊರಡುವ ಮುಂಚೆ ಫೋನ್ ಮಾಡಿ.