ಎಲ್80 ಲಿಂಕರ್ 13 ಫೈಲ್ ದಾಟುತ್ತಿಲ್ಲ (ಆಮ್‌ಸ್ಟ್ರಾಡ್ ಸಿಪಿಸಿ 6128 ಕಂಪ್ಯೂಟರ್, ಸಿಪಿ/ಎಂ 2.2 ಆಪರೇಟಿಂಗ್ ಸಿಸ್ಟಂ)

ಹಳೇಫ್ಲಾಪಿ:
ಎಲ್ಲರಿಗೂ ನಮಸ್ಕಾರ. ಜಡ್80 ಅಸೆಂಬ್ಲಿಯಲ್ಲಿ ಬರೆದ ಆಟ, ಒಟ್ಟು 18 ಮಾಡ್ಯೂಲ್. ಎಲ್ಲವೂ ಮೈಕ್ರೋಸಾಫ್ಟ್ ಎಂ80ರಲ್ಲಿ ತಪ್ಪಿಲ್ಲದೆ ಅಸೆಂಬಲ್ ಆಗಿ .ರೆಲ್ ಫೈಲ್ (ಇನ್ನೂ ಜೋಡಿಸಬೇಕಾದ ಕೋಡ್) ಸಿಕ್ಕಿವೆ. ಅವನ್ನು ಜೋಡಿಸಿ ಒಂದೇ ಪ್ರೋಗ್ರಾಂ ಮಾಡುವ ಎಲ್80ಗೆ ಹದಿನೆಂಟನ್ನೂ ಒಂದೇ ಸಾಲಿನಲ್ಲಿ ಕೊಡಲು ಹೋದರೆ, ಎಂಟರ್ ಒತ್ತುವ ಮೊದಲೇ ಆಜ್ಞೆ ಓಡಲು ಶುರುವಾಗುತ್ತದೆ. 13 ಫೈಲ್ ಲೋಡ್ ಆಗಿ '?ಫೈಲ್ ನಾಟ್ ಫೌಂಡ್' ಬರುತ್ತದೆ. 14ನೇ ಫೈಲ್ ಡಿಸ್ಕಿನಲ್ಲೇ ಇದೆ, ಡಿಐಆರ್ ಕೊಟ್ಟರೆ ಕಾಣುತ್ತದೆ. ಎಲ್80ಗೆ ಇಷ್ಟೇ ಫೈಲ್ ಅಂತ ಮಿತಿ ಇದೆಯೇ? ಫೈಲ್ ಹೆಸರೆಲ್ಲ ಪೂರಾ 8 ಅಕ್ಷರದವು. ಫೈಲ್ ನಕಲು ಮಾಡುವ ಪಿಪ್‌ನಿಂದ ಮೂರು ನಾಲ್ಕು .ರೆಲ್ ಫೈಲ್ ಅಂಟಿಸಿ ಒಂದು ಮಾಡಿಯೂ ನೋಡಿದೆ. ಲೋಡ್ ಆಗುವುದು ಮೊದಲನೆಯದು ಮಾತ್ರ.

ಬೈಟ್‌ಲೆಕ್ಕ:
ಫೈಲ್ ಎಣಿಕೆಗೆ ಎಲ್80ರಲ್ಲಿ ಮಿತಿ ಇಲ್ಲ. ಮಿತಿ ಇರುವುದು ಆಜ್ಞೆಯ ಸಾಲಿಗೆ. ಸಿಪಿ/ಎಂ 2.2ರಲ್ಲಿ ಆ ಸಾಲಿನ ಬಫರ್ 127 ಅಕ್ಷರದ್ದು. ಅದು ತುಂಬಿದ ಕೂಡಲೇ ಬಿಡಾಸ್‌ನ (ಸಿಪಿ/ಎಂನ ಒಳಗಿನ ಮೂಲ ಸೇವೆಗಳ ಭಾಗ) ಸಾಲು ಓದುವ 10ನೇ ಫಂಕ್ಷನ್ ಎಂಟರ್‌ಗೆ ಕಾಯದೆ ಸಾಲನ್ನು ಒಪ್ಪಿಸಿಬಿಡುತ್ತದೆ.

ನಿಮ್ಮ ಲೆಕ್ಕವನ್ನೇ ಹಾಕಿ. 'ಎಲ್80' ಮತ್ತು ಒಂದು ಖಾಲಿ ಜಾಗ ಸೇರಿ ಇಂಗ್ಲಿಷಿನಲ್ಲಿ 4 ಅಕ್ಷರ. 8 ಅಕ್ಷರದ ಹೆಸರಿಗೆ ಅಲ್ಪವಿರಾಮ ಸೇರಿದರೆ 9. ಹದಿಮೂರು ಹೆಸರಿಗೆ 117, ಒಟ್ಟು 121. ಉಳಿದದ್ದು 6. ಅಂದರೆ 14ನೇ ಹೆಸರಿನ ಮೊದಲ ಆರು ಅಕ್ಷರ ಮಾತ್ರ ಎಲ್80ಗೆ ತಲುಪುತ್ತಿದೆ, ಅದು ಆ ಮೊಂಡು ಹೆಸರಿನ ಫೈಲ್ ಹುಡುಕುತ್ತಿದೆ. ಪ್ರತಿ ಹೆಸರಿಗೂ 'ಬಿ:' ಅಂತ ಡ್ರೈವ್ ಹಾಕಿದರೆ 11ಕ್ಕೇ ನಿಲ್ಲುತ್ತದೆ.

ಪರಿಹಾರ: ಎಲ್80 ಅಂತಷ್ಟೇ ಟೈಪ್ ಮಾಡಿ ಎಂಟರ್ ಒತ್ತಿ. ನಕ್ಷತ್ರದ ಗುರುತಿನ ಪ್ರಾಂಪ್ಟ್ ಬರುತ್ತದೆ. ಅಲ್ಲಿ ಸಾಲಿಗೆ ನಾಲ್ಕೈದು ಫೈಲ್‌ನಂತೆ ಕೊಡುತ್ತಾ ಹೋಗಿ (ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ):

*ಮೇನ್,ಸ್ಕ್ರೀನ್,ಕೀಬೋರ್ಡ್
*ಸ್ಪ್ರೈಟ್,ಸ್ಕ್ರೋಲ್,ಟೈಲ್/ಯು
*ಸೌಂಡ್,ಸ್ಕೋರ್
*ಗೇಮ್/ಎನ್/ಇ

/ಯು ಕೊಟ್ಟ ಸಾಲು ಮುಗಿದಾಗ ಇನ್ನೂ ಅರ್ಥ ಸಿಗದ ಹೆಸರುಗಳ ಪಟ್ಟಿ ಬರುತ್ತದೆ. ಯಾವ ಮಾಡ್ಯೂಲ್ ಬಿಟ್ಟುಹೋಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. /ಎನ್ ಬರೀ ಹೆಸರು ಇಡುತ್ತದೆ. /ಇ ಕೊಡುವ ತನಕ .ಕಾಮ್ ಫೈಲ್ (ಓಡಿಸಬಹುದಾದ ಪ್ರೋಗ್ರಾಂ) ಡಿಸ್ಕಿಗೆ ಬೀಳುವುದಿಲ್ಲ.

ಜಡ್80ಪ್ರಿಯ:
ಪಿಪ್ ವಿಷಯ. ಅದು ಎರಡು ಕಾರಣಕ್ಕೆ ಕೆಡುತ್ತದೆ, ಒಂದನ್ನು ಸರಿ ಮಾಡಿದರೂ ಇನ್ನೊಂದು ಉಳಿಯುತ್ತದೆ. ಅಂಟಿಸುವಾಗ [ಓ] ಹಾಕದಿದ್ದರೆ ಪಿಪ್ ಅದನ್ನು ಪಠ್ಯ ಅಂತಲೇ ತಿಳಿದು, ಹೆಕ್ಸ್ 1ಎ ಬೈಟ್ ಕಂಡಲ್ಲಿ ಫೈಲ್ ಮುಗಿಯಿತು ಅಂದುಕೊಳ್ಳುತ್ತದೆ. .ರೆಲ್ ಫೈಲಿನಲ್ಲಿ ಆ ಬೈಟ್ ಎಲ್ಲಿ ಬೇಕಾದರೂ ಬರಬಹುದು. [ಓ] ಹಾಕಿದಿರಿ ಅನ್ನಿ, ಆಗಲೂ .ರೆಲ್ ಬೈಟ್‌ಗಳ ಸಾಲಲ್ಲ, ಬಿಟ್‌ಗಳ ಹರಿವು. ಪ್ರತಿ ಫೈಲಿನ ತುದಿಯಲ್ಲಿ 1 00 1111 ಅನ್ನುವ ಏಳು ಬಿಟ್‌ನ 'ಫೈಲ್ ಮುಗಿಯಿತು' ಗುರುತು ಇರುತ್ತದೆ. ಎಲ್80 ಅದನ್ನು ಕಂಡಲ್ಲೇ ಓದು ನಿಲ್ಲಿಸುತ್ತದೆ, ಅದರ ನಂತರ ಏನಿದೆ ಅಂತ ನೋಡುವುದಿಲ್ಲ.

ಫೈಲ್ ಸೇರಿಸಲು ಇರುವ ಸಾಧನ ಲಿಬ್80. ಲಿಬ್ ಓಡಿಸಿ:

*ಗ್ರಾಫ್=ಸ್ಪ್ರೈಟ್,ಸ್ಕ್ರೋಲ್,ಟೈಲ್,ಸ್ಕ್ರೀನ್
*/ಇ

ಅಲ್ಲಿಗೆ ನಾಲ್ಕು ಫೈಲ್ ಹೋಗಿ ಗ್ರಾಫ್.ರೆಲ್ ಒಂದೇ ಆಯಿತು. ಎಲ್80ಗೆ ಬರೀ 'ಗ್ರಾಫ್' ಅಂತ ಕೊಟ್ಟರೆ ಒಳಗಿನ ಎಲ್ಲ ಮಾಡ್ಯೂಲ್ ಲೋಡ್ ಆಗುತ್ತವೆ. 'ಗ್ರಾಫ್/ಎಸ್' ಅಂದರೆ ಅಲ್ಲಿಯ ತನಕ ಯಾರೋ ಕೇಳಿ ಸಿಗದೆ ಉಳಿದ ಹೆಸರು ಇರುವ ಮಾಡ್ಯೂಲ್ ಮಾತ್ರ. ಈ ಹುಡುಕಾಟ ಒಂದೇ ಸುತ್ತು, ಮುಂದಕ್ಕೆ ಮಾತ್ರ. ಟೈಲ್ ಮಾಡ್ಯೂಲ್ ತನಗಿಂತ ಮುಂಚೆ ಇಟ್ಟ ಸ್ಪ್ರೈಟ್‌ನ ರೂಟೀನ್ ಕರೆಯುತ್ತಿದ್ದು, ಸ್ಪ್ರೈಟ್ ಬೇರೆ ಯಾರಿಗೂ ಬೇಡವಾಗಿದ್ದರೆ, ಎಲ್80 ಸ್ಪ್ರೈಟ್ ದಾಟಿ ಬಂದಾಗಿರುತ್ತದೆ. ಹಾಗಾಗಿ ಕರೆಯುವುದು ಮೊದಲು, ಕರೆಸಿಕೊಳ್ಳುವುದು ನಂತರ. ಕ್ರಮ ತಪ್ಪಿದ್ದರೆ ಲಿಬ್‌ನಲ್ಲಿ /ಯು ಕೊಟ್ಟಾಗ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ.

ದಯವಿಟ್ಟು ಇದೊಂದನ್ನು ಮರೆಯಬೇಡಿ: ಬರೀ ಪಟ್ಟಿ ನೋಡಲು ಲಿಬ್ ತೆರೆದಿದ್ದರೆ /ಇ ಇಂದ ಹೊರಬರಬೇಡಿ, ಕಂಟ್ರೋಲ್-ಸಿ ಒತ್ತಿ. ಹೊಸ ಲೈಬ್ರರಿ ಏನೂ ಕಟ್ಟದೆ /ಇ ಕೊಟ್ಟರೆ ಈಗಿರುವ ಲೈಬ್ರರಿ ಹಾಳಾಗುತ್ತದೆ.

ಹಳೇಫ್ಲಾಪಿ:
ಇಬ್ಬರಿಗೂ ಧನ್ಯವಾದ. ನಕ್ಷತ್ರದ ಪ್ರಾಂಪ್ಟ್‌ನಿಂದ 16ನೇ ಫೈಲ್ ತನಕ ಬಂದೆ. ಈಗ ಎರಡು ಹೊಸ ತೊಂದರೆ. ಒಂದು, '%ಮಲ್ಟ್. ಡೆಫ್. ಗ್ಲೋಬಲ್' (ಒಂದೇ ಹೆಸರು ಎರಡು ಕಡೆ ಇದೆ ಅಂತ), ಆದರೆ ಡ್ರಾಸ್ಪ್ರೈಟ್ ರೂಟೀನ್ ಒಂದೇ ಕಡೆ ಇದೆ, ಹುಡುಕಿ ನೋಡಿದ್ದೇನೆ. ಇನ್ನೊಂದು, 17ನೇ ಫೈಲಿಗೆ '?ಔಟ್ ಆಫ್ ಮೆಮರಿ'. ಆಟ ಪೂರ್ತಿ ಸೇರಿದರೂ 30 ಕೆಬಿ ದಾಟುವುದಿಲ್ಲ.

ಜಡ್80ಪ್ರಿಯ:
ಮೊದಲನೆಯದು ಸುಲಭ. ಪಬ್ಲಿಕ್ (ಹೊರಗಿನ ಮಾಡ್ಯೂಲಿಗೆ ಕಾಣುವ) ಮತ್ತು ಎಕ್ಸ್‌ಟರ್ನಲ್ (ಹೊರಗಿನಿಂದ ಬೇಕಾದ) ಹೆಸರುಗಳಲ್ಲಿ ಎಂ80 ಮೊದಲ 6 ಅಕ್ಷರ ಮಾತ್ರ .ರೆಲ್‌ಗೆ ಬರೆಯುತ್ತದೆ. ನಿಮ್ಮಲ್ಲಿ ಡ್ರಾಸ್ಪ್ಲಿಟ್ ಅಂತ ಇನ್ನೊಂದು ರೂಟೀನ್ ಇದೆಯೇ ನೋಡಿ. ಇಂಗ್ಲಿಷಿನಲ್ಲಿ ಎರಡೂ ಡಿ-ಆರ್-ಎ-ಡಬ್ಲ್ಯೂ-ಎಸ್-ಪಿ, ಎಲ್80 ಕಣ್ಣಿಗೆ ಎರಡೂ ಒಂದೇ. ಮಾಡ್ಯೂಲಿನ ಒಳಗಷ್ಟೇ ಬಳಸುವ ಲೇಬಲ್‌ಗೆ ಈ ಕಾಟವಿಲ್ಲ. ಹೊರಗೆ ಕಾಣಬೇಕಾದ ಹೆಸರಿಗೆ ಮಾಡ್ಯೂಲಿನ ಎರಡಕ್ಷರದ ಗುರುತು ಮುಂದೆ ಹಾಕಿ, ಉಳಿದ ನಾಲ್ಕರಲ್ಲಿ ಕೆಲಸ ಹೇಳಿ.

ಬೈಟ್‌ಲೆಕ್ಕ:
ಮೆಮರಿಯ ವಿಷಯವನ್ನು ನಿಧಾನವಾಗಿ ಓದಿ, ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಎಲ್80 ಪ್ರೋಗ್ರಾಂ ಪೂರ್ತಿಯನ್ನು ಮೆಮರಿಯಲ್ಲೇ ಕಟ್ಟುತ್ತದೆ, ಡಿಸ್ಕಿನಲ್ಲಲ್ಲ. ಸಿಪಿಸಿಯ ಸಿಪಿ/ಎಂ 2.2ರಲ್ಲಿ ಪ್ರೋಗ್ರಾಮಿಗೆ ಸಿಗುವ ಜಾಗ ಸುಮಾರು 39 ಕೆಬಿ. ಅದರಲ್ಲಿ ಎಲ್80ಗೇ ಸುಮಾರು 10 ಕೆಬಿ. ಉಳಿದದ್ದರಲ್ಲಿ ನಿಮ್ಮ ಕೋಡ್, ಡೇಟಾ, ಹೆಸರುಗಳ ಪಟ್ಟಿ, ಇವುಗಳ ಜೊತೆಗೆ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಕೋಷ್ಟಕ.

ಆ ಕೋಷ್ಟಕ ಹುಟ್ಟುವುದು ಹೀಗೆ. ಏನೂ ಹೇಳದಿದ್ದರೆ ಎಲ್80 ಡೇಟಾವನ್ನು ಹೆಕ್ಸ್ 103ರ ವಿಳಾಸದಿಂದ ಇಟ್ಟು, ಅದರ ಮೇಲೆ ಕೋಡ್ ಇಡುತ್ತದೆ. ಹೊಸ ಫೈಲಿನ ಡೇಟಾ ಬಂದ ಹಾಗೆಲ್ಲ ಕೋಡ್ ಮೇಲಕ್ಕೆ ಸರಿಯಬೇಕು. ಸರಿದಾಗ ತಿದ್ದಲೆಂದು ಕೋಡಿನೊಳಗಿನ ಪ್ರತಿಯೊಂದು ಪ್ರೋಗ್ರಾಂ-ಸಾಪೇಕ್ಷ (ಕೋಡಿನ ಆರಂಭದಿಂದ ಎಣಿಸುವ) ವಿಳಾಸಕ್ಕೂ 5 ಬೈಟ್ ಬರೆದಿಟ್ಟುಕೊಳ್ಳುತ್ತದೆ. ಅಂಥ ವಿಳಾಸ 1,000 ಇದ್ದರೆ 5,000 ಬೈಟ್ ಅಲ್ಲೇ ಹೋಯಿತು.

/ಡಿ (ಡೇಟಾ ಶುರುವಾಗುವ ವಿಳಾಸ) ಮತ್ತು /ಪಿ (ಕೋಡ್ ಶುರುವಾಗುವ ವಿಳಾಸ) ಎರಡನ್ನೂ ಕೊಟ್ಟರೆ ಕೋಡ್ ಎಲ್ಲಿ ಕೂರುತ್ತದೆ ಅಂತ ಮೊದಲೇ ನಿಗದಿ, ಕೋಷ್ಟಕವೇ ಬೇಡ. /ಪಿ ಲೆಕ್ಕ ಹೀಗೆ: ಪ್ರತಿ ಮಾಡ್ಯೂಲಿಗೆ ಎಂ80 ಬರೆದುಕೊಡುವ .ಪಿಆರ್‌ಎನ್ ಪಟ್ಟಿಯಲ್ಲಿ ಡೇಟಾ ಭಾಗದ ಕೊನೆಯ ವಿಳಾಸ ನೋಡಿ. ಜೋಡಿ ಉದ್ಧರಣ ಚಿಹ್ನೆ ಇದ್ದರೆ ಡೇಟಾ, ಒಂಟಿ ಇದ್ದರೆ ಕೋಡ್. ಎಲ್ಲವನ್ನೂ ಹೆಕ್ಸ್‌ನಲ್ಲಿ ಕೂಡಿ. ಮೊತ್ತ 1520 ಬಂತು ಅನ್ನಿ (ದಶಮಾನದಲ್ಲಿ 5,408). ಅದಕ್ಕೆ 103 ಸೇರಿಸಿದರೆ 1623. ಮೇಲೆ 101 ಬಿಡುವು ಕೊಟ್ಟರೆ 1724. ಮೊದಲ ಸಾಲು ಹೀಗಿರಲಿ:

*/ಡಿ:103/ಪಿ:1724,ಮೇನ್,ಸ್ಕ್ರೀನ್

ಸ್ವಿಚ್ ಮೊದಲ ಫೈಲಿಗಿಂತ ಮುಂಚೆಯೇ ಬರಬೇಕು. ಆಗಲೇ ಲೋಡ್ ಆದದ್ದನ್ನು ಇವು ಕದಲಿಸುವುದಿಲ್ಲ. ಲೆಕ್ಕ ಕಡಿಮೆ ಬಿದ್ದು ಡೇಟಾ ಕೋಡಿನ ಮೇಲೆ ಹತ್ತಿದರೆ 'ಓವರ್‌ಲೇಯಿಂಗ್' ಎಚ್ಚರಿಕೆ ಬರುತ್ತದೆ. ಅದನ್ನು ಕಡೆಗಣಿಸಬೇಡಿ, /ಪಿ ಹೆಚ್ಚಿಸಿ ಮತ್ತೆ ಶುರು ಮಾಡಿ.

ಇನ್ನು ದೊಡ್ಡ ಬಫರ್‌ಗಳು. ಡಿಎಸ್ 4096 (ಅಷ್ಟು ಬೈಟ್ ಕಾದಿರಿಸು) ಅಂತ ಬರೆದರೆ ಆ 4 ಕೆಬಿಯನ್ನು ಲಿಂಕ್ ಮಾಡುವಾಗಲೂ ಹೊರಬೇಕು, ಡೇಟಾ ಕೋಡಿನ ಕೆಳಗಿರುವುದರಿಂದ .ಕಾಮ್ ಫೈಲಿನಲ್ಲೂ ಹೊರಬೇಕು. ಬದಲಿಗೆ $ಮೆಮ್ರಿ ಅನ್ನುವ ಪಬ್ಲಿಕ್ ಹೆಸರಿನಲ್ಲಿ ಎರಡು ಬೈಟ್ ಇಡಿ (ಎಂ-ಇ-ಎಂ-ಆರ್-ವೈ, ನಡುವೆ ಓ ಇಲ್ಲ). ಡೇಟಾ ಭಾಗ ಮುಗಿದ ನಂತರದ ಮೊದಲ ವಿಳಾಸವನ್ನು ಎಲ್80 ಅಲ್ಲಿ ತುಂಬುತ್ತದೆ; /ಡಿ ಕೊಟ್ಟು ಡೇಟಾ ಕೋಡಿನ ಕೆಳಗಿದ್ದರೆ ಬಫರ್ ಕೋಡಿನ ಮೇಲೆ ಹತ್ತದಂತೆ ನೋಡಿಕೊಳ್ಳಿ. ಓಡುವಾಗ ಅಲ್ಲಿಂದ ಬಫರ್ ಹಂಚಿಕೊಳ್ಳಿ, ಮೇಲಿನ ಗಡಿಯನ್ನು 0006ರಲ್ಲಿರುವ ವಿಳಾಸದಿಂದ ಓದಿ. ಆ ಜಾಗದಲ್ಲಿ ಹಳೆಯ ಕಸ ಇರುತ್ತದೆ, ಸೊನ್ನೆ ತುಂಬುವುದು ನಿಮ್ಮ ಕೆಲಸ.

ಜಡ್80ಪ್ರಿಯ:
6128 ಇದೆಯಲ್ಲ, ಲಿಂಕ್ ಮಾಡಲು ಸಿಪಿ/ಎಂ ಪ್ಲಸ್‌ನಲ್ಲಿ ಬೂಟ್ ಮಾಡಿ. ಅಲ್ಲಿ 61 ಕೆಬಿ ಸಿಗುತ್ತದೆ. ಎಂ80, ಎಲ್80 ಎರಡೂ ಅಲ್ಲಿ ಓಡುತ್ತವೆ. ಎರಡನೇ ಲಾಭ, ಅದರ ಸಬ್ಮಿಟ್ (ಫೈಲಿನಲ್ಲಿ ಬರೆದಿಟ್ಟ ಆಜ್ಞೆಗಳನ್ನು ಸಾಲಾಗಿ ಓಡಿಸುವುದು). ಸಬ್ ಫೈಲಿನಲ್ಲಿ '<' ಇಂದ ಶುರುವಾಗುವ ಸಾಲು ಓಡುತ್ತಿರುವ ಪ್ರೋಗ್ರಾಮಿಗೇ ಹೋಗುತ್ತದೆ:

ಎಲ್80
</ಡಿ:103/ಪಿ:1724,ಮೇನ್
<ಗ್ರಾಫ್,ಸೌಂಡ್,ಸ್ಕೋರ್
<ಗೇಮ್/ಎನ್/ಇ

2.2ರ ಸಬ್ಮಿಟ್ ಸಾಲುಗಳನ್ನು ಸಿಸಿಪಿಗೆ (ಸಿಪಿ/ಎಂನ ಆಜ್ಞೆ ಓದುವ ಭಾಗ) ಮಾತ್ರ ಕೊಡುತ್ತದೆ. ಅಲ್ಲಿ ಎಕ್ಸ್‌ಸಬ್ ಜೊತೆ ಸೇರಿಸಬಹುದು, ಆದರೆ ಅದು ಮೆಮರಿಯಲ್ಲೇ ಉಳಿದು ಜಾಗ ತಿನ್ನುತ್ತದೆ, ನಿಮಗೆ ಕೊರತೆ ಇರುವುದೇ ಜಾಗದ್ದು.

ಅದೂ ಸಾಲದಿದ್ದರೆ ಡಿಜಿಟಲ್ ರಿಸರ್ಚ್‌ನ ಲಿಂಕ್ ಬಳಸಿ. [ಎ] ಕೊಟ್ಟರೆ ಮಧ್ಯದ ಕೆಲಸವನ್ನು ಡಿಸ್ಕಿಗೆ ಬರೆದು ಮೆಮರಿ ಬಿಡಿಸಿಕೊಳ್ಳುತ್ತದೆ. ಸಾಲಿನ ಕೊನೆಗೆ '&' ಹಾಕಿದರೆ ಮುಂದಿನ ಸಾಲು ಕೇಳುತ್ತದೆ. ನಿಧಾನ, ಡಿಸ್ಕಿನಲ್ಲಿ ಖಾಲಿ ಜಾಗವೂ ಬೇಕು.

ಹಳೇಫ್ಲಾಪಿ:
/ಡಿ, /ಪಿ ಹಾಕಿದ ಮೇಲೆ 2.2ರಲ್ಲೇ 18 ಫೈಲೂ ಲೋಡ್ ಆದವು. ಡ್ರಾಸ್ಪ್ಲಿಟ್ ಇತ್ತು, ಹೆಸರು ಬದಲಿಸಿದೆ. ಆದರೆ .ಪಿಆರ್‌ಎನ್ ಪಟ್ಟಿಗಳನ್ನು ಮಾಡಿಕೊಂಡ ಮೇಲೆ /ಇ ಕೊಟ್ಟರೆ .ಕಾಮ್ ಬರೆಯಲಾಗುತ್ತಿಲ್ಲ. ಸ್ಟಾಟ್ ಆಜ್ಞೆಯ ಪ್ರಕಾರ ಡಿಸ್ಕಿನಲ್ಲಿ ಇನ್ನೂ 40 ಕೆಬಿ ಖಾಲಿ ಇದೆ.

ಬೈಟ್‌ಲೆಕ್ಕ:
ಡಿಸ್ಕ್ ಖಾಲಿ ಇದ್ದರೂ ಡೈರೆಕ್ಟರಿ ತುಂಬಿದೆ. 178 ಕೆಬಿಯ ಡೇಟಾ ಡಿಸ್ಕಿನಲ್ಲಿ ಡೈರೆಕ್ಟರಿಗೆ 64 ನಮೂದು ಮಾತ್ರ. ಒಂದು ನಮೂದು 16 ಕೆಬಿ ತನಕ ಹಿಡಿಯುತ್ತದೆ, ಅದಕ್ಕಿಂತ ದೊಡ್ಡ ಫೈಲ್ ಎರಡು ತಿನ್ನುತ್ತದೆ. ನಿಮ್ಮ 18 .ಮ್ಯಾಕ್ (ಮೂಲ ಕೋಡ್), 18 .ರೆಲ್, 18 .ಪಿಆರ್‌ಎನ್ ಸೇರಿ 54. ಎಂ80 ಒಂದಕ್ಕೇ 2. ಎಲ್80, ಲಿಬ್, ಎಡಿಟರ್, ಅದು ಬಿಟ್ಟುಹೋದ ನಾಲ್ಕಾರು .ಬಿಎಕೆ (ಹಳೆಯ ನಕಲು), ಅಲ್ಲಿಗೆ 64 ಆಯಿತು. ಬೇರೆ ಯೂಸರ್ ಸಂಖ್ಯೆಗೆ ಹೋದರೂ ಪ್ರಯೋಜನವಿಲ್ಲ, 0ಯಿಂದ 15ರ ತನಕ ಎಲ್ಲರಿಗೂ ಅದೇ 64.

ಡೇಟಾ ಲೆಕ್ಕ ಬರೆದಿಟ್ಟುಕೊಂಡು .ಪಿಆರ್‌ಎನ್, .ಬಿಎಕೆ ಎರಡನ್ನೂ ಅಳಿಸಿ. ಮುಂದೆ 'ಎಂ80 =ಮೇನ್' ಅಂತಷ್ಟೇ ಕೊಡಿ, .ರೆಲ್ ಮಾತ್ರ ಹುಟ್ಟುತ್ತದೆ. ಬದಲಾಗದ ಮಾಡ್ಯೂಲ್‌ಗಳನ್ನು ಲಿಬ್‌ನಿಂದ ಒಂದಾಗಿಸಿ, ಬಿಡಿ .ರೆಲ್‌ಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ ಇಲ್ಲಿಂದ ತೆಗೆಯಿರಿ. 200 ಬೈಟ್‌ನ .ರೆಲ್ ಕೂಡ 1 ಕೆಬಿ ಬ್ಲಾಕ್ ಹಿಡಿದು ಕೂರುತ್ತದೆ, ಆ ಜಾಗವೂ ಉಳಿಯುತ್ತದೆ.

ಹಳೇಫ್ಲಾಪಿ:
.ಪಿಆರ್‌ಎನ್ ಅಳಿಸಿದ ಕೂಡಲೇ ಗೇಮ್.ಕಾಮ್ ಬಂತು, ಓಡುತ್ತಿದೆ. ಗ್ರಾಫ್ ಮತ್ತು ಸೌಂಡ್ ಗುಂಪುಗಳನ್ನು ಲಿಬ್‌ಗೆ ಹಾಕಿದ ಮೇಲೆ ಎಲ್80ಗೆ ಕೊಡಬೇಕಾದ್ದು 7 ಹೆಸರು ಮಾತ್ರ, ಈಗ ಒಂದೇ ಸಾಲಿನಲ್ಲಿ ಹಿಡಿಸುತ್ತವೆ.