ಚೀನಿಕಾಯಿಯ ಗಂಡು ಹೂವು

ಮುಳ್ಳೇರಿಯ ಅತ್ತೆ (ಫಾರ್ವರ್ಡ್): 🌿ತಪ್ಪದೆ ಓದಿ!! ಚೀನಿಕಾಯಿಯ (ಸಿಹಿಗುಂಬಳದ) ಗಂಡು ಹೂವುಗಳು ಬಳ್ಳಿಯ ಸಾರವನ್ನೆಲ್ಲ ಹೀರುತ್ತವೆ. ದಿನಾ ಬೆಳಿಗ್ಗೆ ಕಿತ್ತು ಹಾಕಿದರೆ ಕಾಯಿ ಮೂರು ಪಾಲು ಹೆಚ್ಚು. ಕೃಷಿ ವಿಜ್ಞಾನಿಗಳು ಹೇಳಿದ ಸತ್ಯ. ಹತ್ತು ಜನರಿಗೆ ಕಳಿಸಿ🙏🙏

ಮುಳ್ಳೇರಿಯ ಅತ್ತೆ: ಈ ಸಲ ಬಳ್ಳಿ ತುಂಬಾ ಹೂವು, ಕಾಯಿ ಒಂದೂ ನಿಲ್ಲುದಿಲ್ಲ ಅಂತ ನಾನು ಹೇಳ್ತಾ ಇದ್ದೆ ಅಲ್ವಾ. ಇದೇ ಕಾರಣ. ನಾಲ್ಕು ದಿನದಿಂದ ಕೀಳ್ತಾ ಇದ್ದೇನೆ

ಬೆಂಗಳೂರು ಅಣ್ಣ: ಯಾವ ವಿಜ್ಞಾನಿ ಅತ್ತೆ? ಹೆಸರಿಲ್ಲ ಊರಿಲ್ಲ. ನಮ್ಮ ಕಾಸರಗೋಡಲ್ಲೇ 1916ರಿಂದ ತೆಂಗಿನ ಸಂಶೋಧನೆ ಆಗ್ತಾ ಉಂಟು, ಪ್ರತೀ ಪಂಚಾಯತಿಗೆ ಕೃಷಿಭವನ ಉಂಟು, ಒಂದು ಫೋನ್ ಮಾಡಿ ಕೇಳಿದ್ರೆ ಆಗ್ತಿತ್ತು

ಬದಿಯಡ್ಕ ದೊಡ್ಡಪ್ಪ: 1916ಕ್ಕೆ ಮೊದಲು ತೆಂಗಿನಮರ ಕಾಯಿ ಬಿಡ್ತಿರ್ಲಿಲ್ವಾ? ಹಿರಿಯರು ಹೇಳಿದ್ದಕ್ಕೆಲ್ಲ ದಾಖಲೆ ಕೇಳುವುದು ಈಗಿನವರಿಗೆ ಒಂದು ಅಭ್ಯಾಸ ಆಗಿದೆ. ಮಣ್ಣು ಮುಟ್ಟದವರು ಬಳ್ಳಿಯ ವಿಷಯ ಮಾತಾಡಬಾರದು

ಬೆಂಗಳೂರು ಅಣ್ಣ: ಇದು ಹಿರಿಯರು ಹೇಳಿದ್ದಲ್ಲ ದೊಡ್ಡಪ್ಪ, ಫಾರ್ವರ್ಡ್. ಮತ್ತೆ ಬಾಲ್ಕನಿಯಲ್ಲಿ ಎರಡು ಚಟ್ಟಿ ಬಸಳೆ ನಾನೂ ನೆಟ್ಟಿದ್ದೇನೆ

ನಾನು: ಅತ್ತೆ ದಯವಿಟ್ಟು ಇವತ್ತಿಂದ ಕೀಳುದು ನಿಲ್ಲಿಸಿ. ಉದ್ದ ಸಪೂರ ತೊಟ್ಟಿನದ್ದು ಗಂಡು ಹೂವು, ಹೂವಿನ ಅಡಿಯಲ್ಲಿ ಗೋಲಿಯಷ್ಟು ಕಾಯಿ ಇದ್ರೆ ಹೆಣ್ಣು. ಮೊದಲು ಒಂದೆರಡು ವಾರ ಗಂಡು ಹೂವೇ ಬರುದು, ಅದು ಬಳ್ಳಿಯ ಕ್ರಮ. ಹೆಣ್ಣು ಹೂವು ಅರಳಿ ಇರುದು ಒಂದೇ ಬೆಳಿಗ್ಗೆ, ಅಷ್ಟರೊಳಗೆ ಗಂಡು ಹೂವಿನ ಪರಾಗ ಅದಕ್ಕೆ ಮುಟ್ಟದಿದ್ರೆ ಮಿಡಿ ಹಳದಿಯಾಗಿ ಉದುರ್ತದೆ. ಈ ಮಳೆಗೆ ಜೇನು ಎಲ್ಲಿಂದ ಬರಬೇಕು? ನಾನು ಮಳೆ ಬಿಟ್ಟ ಗಳಿಗೆ ನೋಡಿ ಏಳು ಗಂಟೆಗೆ ಹೋಗಿ, ಒಂದು ಗಂಡು ಹೂವು ಕಿತ್ತು ಎಸಳು ಬಿಡಿಸಿ ಹೆಣ್ಣು ಹೂವಿನ ಒಳಗೆ ಮೆಲ್ಲ ಒರೆಸಿ ಬರ್ತೇನೆ. ಬೆರಳೆಲ್ಲ ಹಳದಿ ಹುಡಿ. ಮೂರನೇ ದಿನ ಮಿಡಿ ಹಸುರೇ ಇದ್ದು ಸ್ವಲ್ಪ ಊದಿಕೊಂಡದ್ದು ಕಂಡಾಗ ಆಗುವ ಖುಷಿ ಉಂಟಲ್ಲ, ಅದಕ್ಕಾಗಿಯೇ ನಾನು ತರಕಾರಿ ಮಾಡುದು

ನೀರ್ಚಾಲು ಭಾವ: ಹೂವು ಅನ್ನುವಾಗ ನೆನಪಾಯ್ತು, ಅಜ್ಜನ ಮನೆಯಲ್ಲಿ ಆಟಿ ತಿಂಗಳಲ್ಲಿ ಅಜ್ಜಿ ಚೀನಿಕಾಯಿ ಹೂವಿನ ಪೋಡಿ (ಬಜ್ಜಿ) ಮಾಡ್ತಿದ್ರು, ಹೊರಗೆ ಜಡಿಮಳೆ, ಒಳಗೆ ಒಲೆ ಬುಡದಲ್ಲಿ ನಾವೆಲ್ಲ ಸಾಲಾಗಿ. ಮರುದಿನ ಪತ್ರೊಡೆ. ಅಟ್ಟದ ಅಡ್ಡಕ್ಕೆ ಬಾಳೆಬಳ್ಳಿಯಲ್ಲಿ ಕಟ್ಟಿ ತೂಗುಹಾಕಿದ ಸೌತೆ, ಬೇಸಗೆಯಲ್ಲಿ ಗದ್ದೆಯಲ್ಲಿ ಆದದ್ದು ಮಳೆಗಾಲ ಪೂರಾ ಬೋಳುಹುಳಿಗೆ. ರಾತ್ರಿ ಕರೆಂಟು ಹೋದ್ರೆ ಆ ಸೌತೆಗಳ ನೆರಳು ಕಂಡು ಹೆದರ್ತಿದ್ದೆ

ಮುಳ್ಳೇರಿಯ ಅತ್ತೆ: ಆ ಸೌತೆಯ ಬೀಜ ನಾನು ಕೇಳಿದಾಗ ತವರಿನಿಂದ ನನಗೆ ಬಂದದ್ದು ಪೇಟೆಯ ಪ್ಯಾಕೆಟ್. ಮರೆತಿಲ್ಲ

ಬದಿಯಡ್ಕ ದೊಡ್ಡಪ್ಪ: ತಂಗೀ ಆ ವರ್ಷ ಬೀಜಕ್ಕೆ ಇಟ್ಟ ಕಾಯಿಯೇ ಕೊಳೆತು ಹೋಗಿತ್ತು. ಎಷ್ಟು ಸಲ ಹೇಳಬೇಕು

ಮುಳ್ಳೇರಿಯ ಅತ್ತೆ: ಆ ವರ್ಷವೇ ಪುತ್ತೂರಿನವರಿಗೆ ಬೀಜ ಹೋಗಿದೆ ಅಣ್ಣ. ಅವರೇ ಹೇಳಿದ್ದು

ಬೆಂಗಳೂರು ಅಣ್ಣ: ಸೌತೆ ಬಿಡಿ, ಫಾರ್ವರ್ಡ್ ತಪ್ಪು ಅಂತ ಒಪ್ಪಿದ್ರಾ ಇಲ್ವಾ?

ಬದಿಯಡ್ಕ ದೊಡ್ಡಪ್ಪ: ನಿನಗೆ ಗೆಲ್ಲುವುದೇ ಮುಖ್ಯ. ಜೇನು ಇಲ್ಲ ಅಂತ ಒಂದು ಮಾತು ಬಂತಲ್ಲ, ಯಾಕೆ ಇಲ್ಲ ಅಂತ ಯಾರಾದ್ರೂ ಕೇಳಿದ್ರಾ? ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡ್ತಿದ್ದ ಕಾಲದಲ್ಲಿ ನಮ್ಮ ಅಪ್ಪನ ಜೇನುಪೆಟ್ಟಿಗೆ ಒಂದೊಂದಾಗಿ ಖಾಲಿ ಆದದ್ದು ನಾನು ಕಂಡಿದ್ದೇನೆ. ಸುಪ್ರೀಂ ಕೋರ್ಟು ದೇಶದಲ್ಲೇ ಆ ವಿಷವನ್ನು ನಿಷೇಧಿಸಿದ್ದು 2011ರಲ್ಲಿ. ಮನೆ ತರಕಾರಿ ಅಂದ್ರೆ ಅದಕ್ಕೇ ನನಗೆ ಇಷ್ಟು ಹಠ

ನಾನು: ಅದು ನೂರಕ್ಕೆ ನೂರು ಸತ್ಯ ದೊಡ್ಡಪ್ಪ

ನೀರ್ಚಾಲು ಭಾವ: ಆ ಪೆಟ್ಟಿಗೆ ಒಂದು ಈಗಲೂ ಕೊಟ್ಟಿಗೆಯ ಮೇಲೆ ಉಂಟು ಮಾವ, ಕೋಳಿ ಮೊಟ್ಟೆ ಇಡ್ತದೆ

ಬದಿಯಡ್ಕ ಅತ್ತಿಗೆ: ಅತ್ತೆ, ಅಜ್ಜಿಯ ಸೌತೆ ಬೀಜ ಬೂದಿಯಲ್ಲಿ ಹೊರಳಿಸಿ ಒಣಗಿಸಿದ್ದು ನನ್ನ ಹತ್ರ ಒಂದು ಮುಷ್ಟಿ ಉಂಟು. ಓಣಂ ರಜೆಯಲ್ಲಿ ತಂದು ಕೊಡ್ತೇನೆ. ಪ್ಯಾಕೆಟಿನ ವಿಷಯ ಮಾತ್ರ ಇನ್ನು ಎತ್ತಬೇಡಿ

ಮುಳ್ಳೇರಿಯ ಅತ್ತೆ: ಮೊದಲು ತಾ, ಮೊಳೆಯಲಿ, ಮತ್ತೆ ನೋಡುವ

ಮುಳ್ಳೇರಿಯ ಅತ್ತೆ: ಗೋಲಿಯಷ್ಟು ಕಾಯಿ ಇರುದು ಯಾವುದಕ್ಕೆ ಅಂದಿ, ಹೆಣ್ಣಿಗಲ್ವಾ? ನಾಳೆ ಬೆಳಿಗ್ಗೆ ಫೋಟೋ ಹಾಕ್ತೇನೆ, ಏಳು ಗಂಟೆಗೆ ಫೋನ್ ಹತ್ರ ಇಟ್ಕೊ